ಏರಿದ ಭಂಗಿ ಇಳಿಯುವವರೆಗೆ

ಹೋಳಿ ಹುಣ್ಣಿಮೆಗೋ ಶಿವರಾತ್ರಿ ಜಾಗರಣೆಗೋ ಸಾಗರ, ಹೊಸನಗರ ಕಡೆಯ ಯಾವುದೋ ಜಗಲಿಯಲ್ಲಿ ನಾಲ್ಕು ಜನ ಸೇರಿದಾಗ ಗಾಂಜಾ ಗಿಡದ ಎಲೆ ಅರೆದು ಕಟ್ಟಿದ ಭಂಗಿ ಉಂಡೆ ಕೈಯಿಂದ ಕೈಗೆ ಬರುತ್ತದೆ. ರಾತ್ರಿ ಕೆಡುವುದು ಬಹುತೇಕ ಒಂದೇ ರೀತಿ. ಎಂಟು ಗಂಟೆಗೆ ಒಂದು ಉಂಡೆ ತಿಂದವನು ಎಂಟೂಮುಕ್ಕಾಲಿಗೆ ‘ಏನೂ ಆಗ್ಲಿಲ್ವಲ್ಲ ಮಾರಾಯ’ ಅಂತ ಇನ್ನೊಂದು ಬಾಯಿಗೆ ಹಾಕಿಕೊಳ್ಳುತ್ತಾನೆ. ಹತ್ತರ ಹೊತ್ತಿಗೆ ಎರಡೂ ಒಟ್ಟಿಗೆ ಏರುತ್ತವೆ.

ಸೇದಿದ್ದು ನಿಮಿಷಗಳಲ್ಲಿ ತಲೆಗೆ ಹತ್ತುತ್ತದೆ. ತಿಂದದ್ದು ಕರುಳು ದಾಟಿ ಯಕೃತ್ತಿಗೆ ಹೋಗಬೇಕು. ಅಲ್ಲಿ ಭಂಗಿಯ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಇನ್ನೂ ಜೋರಿನ 11-ಹೈಡ್ರಾಕ್ಸಿ ಟಿಎಚ್‌ಸಿ ಆಗುತ್ತದೆ. ಶುರುವಾಗಲು ಅರ್ಧದಿಂದ 2 ಗಂಟೆ, ಪೂರ್ತಿ ಏರಲು 2ರಿಂದ 4, ಇಳಿಯಲು 6ರಿಂದ 8, ಕೆಲವರಿಗೆ 12 ಗಂಟೆ. ಹೋಳಿಗೆ ಮೇಲೆ ಧಾರಾಳ ತುಪ್ಪ ಸುರಿದುಕೊಂಡು ಉಂಡಿದ್ದರೆ ಇನ್ನೂ ತಡ. ಮನೆಯಲ್ಲಿ ಕಟ್ಟಿದ ಉಂಡೆಗೆ ಅಳತೆಯೂ ಇಲ್ಲ. ಟಿಎಚ್‌ಸಿ ಕರಗುವುದು ಜಿಡ್ಡಿನಲ್ಲಿ, ಅದು ಸಮನಾಗಿ ಬೆರೆಯದಿದ್ದರೆ ಒಂದೇ ತಟ್ಟೆಯ ಒಂದು ಉಂಡೆ ಸಪ್ಪೆ, ಪಕ್ಕದ್ದು ಭಾರೀ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಹೂವಿನ ತುದಿಯನ್ನು. ತುದಿ ಬಿಟ್ಟು ಬರೀ ಎಲೆ ಆ ವ್ಯಾಖ್ಯೆಗೆ ಬರುವುದಿಲ್ಲ. ಆದರೆ ಉಂಡೆ ಕಟ್ಟಿದವನು ಎಲೆಯನ್ನಷ್ಟೇ ಅರೆದಿದ್ದಾನೆ ಅಂತ ಯಾರು ಹೇಳಬೇಕು?

ಮೊದಲು ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಕಣ್ಣು ಕೆಂಪಗಾಗುತ್ತದೆ. ಗೋಡೆ ಗಡಿಯಾರದ ಮುಳ್ಳು ಸರಿಯುವುದೇ ಇಲ್ಲ. ಈ ಸ್ಥಿತಿ ಮುಗಿಯುವುದೇ ಇಲ್ಲ ಎಂಬ ದಿಗಿಲು ಹುಟ್ಟುವುದು ಅಲ್ಲಿಂದ. ನಾಡಿ ನಿಮಿಷಕ್ಕೆ 100 ದಾಟುತ್ತದೆ, ‘ಸಾಯ್ತಿದೀನಿ’ ಅನ್ನಿಸುತ್ತದೆ, ಆ ಹೆದರಿಕೆಗೆ ನಾಡಿ ಇನ್ನಷ್ಟು ಓಡುತ್ತದೆ. ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ. ನಮ್ಮ ಕಡೆಯ ಮನೆಗಳಲ್ಲಿ ಭಂಗಿಗಿಂತ ಹೆಚ್ಚು ಹೆದರಬೇಕಾದ್ದು ಉಪ್ಪರಿಗೆ ಏಣಿ, ಜಾರುವ ಬಚ್ಚಲು, ಹಿತ್ತಿಲ ಬಾವಿಗಳಿಗೆ. ನಡುಮನೆಯಲ್ಲೇ ಚಾಪೆ ಹಾಸಿ ಮಲಗಿಸಿ. ಉಚ್ಚೆಗೆ ಎದ್ದರೆ ಒಬ್ಬರು ತೋಳು ಹಿಡಿದು ಹೋಗಬೇಕು.

ಭಂಗಿ ಇಳಿಸುವ ಮದ್ದಿಲ್ಲ. ಲಿಂಬೆ ರಸ, ಹುಣಸೆ ನೀರು, ಮಜ್ಜಿಗೆ ಅಂತ ಊರೆಲ್ಲ ಹೇಳುತ್ತದೆ. ಎಚ್ಚರವಾಗಿದ್ದವನು ತಾನೇ ಹೀರಿದರೆ ಬಾಯಿ ಒದ್ದೆಯಾದೀತು, ಅಷ್ಟೇ. ತೂಕಡಿಸುವವನ ಬಾಯಿಗೆ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಕಾಫಿ, ಮೇಲಿಂದ ಒಂದು ಪೆಗ್, ನಿದ್ದೆ ಮಾತ್ರೆ — ಯಾವುದೂ ಬೇಡ. ದೀಪ ಸಣ್ಣ ಮಾಡಿ, ಗುಟುಕು ಗುಟುಕಾಗಿ ನೀರು ಕೊಡಿ, ನಿದ್ದೆ ಬಂದರೆ ಮಗ್ಗುಲಿಗೆ ತಿರುಗಿಸಿ. ‘ಇಷ್ಟು ಹೊತ್ತಿಗೆ ತಿಂದಿದ್ದೀಯ, ಇಷ್ಟು ಹೊತ್ತಿಗೆ ಇಳಿಯುತ್ತೆ’ ಅಂತ ಗಡಿಯಾರ ತೋರಿಸಿ ಪದೇಪದೇ ಹೇಳುತ್ತಿರಬೇಕು. ನಗುವವರನ್ನು, ಮೊಬೈಲಿನಲ್ಲಿ ವಿಡಿಯೊ ಮಾಡುವವರನ್ನು ಆಚೆ ಕಳಿಸಿ. ಬೆಳಗ್ಗೆಯೂ ತಲೆ ಭಾರವಿರುತ್ತದೆ. ಹುಲಿಕಲ್ ಘಾಟಿಯ ತಿರುವಿಗೆ ಆ ತಲೆ ಸಾಲದು. ಬೈಕಿನ ಕೀ ಅವತ್ತು ಕೊಡಬೇಡಿ.

ಎದೆನೋವು, ನಿಲ್ಲದ ವಾಂತಿ, ಫಿಟ್ಸ್, ಅಲುಗಾಡಿಸಿದರೂ ಏಳದಿರುವುದು ಕಂಡರೆ ಕಾಯುತ್ತ ಕೂರುವಂತಿಲ್ಲ. 108ಕ್ಕೆ ಫೋನ್ ಮಾಡಿ. ಹೃದಯದ ತೊಂದರೆ ಇದ್ದವರ ವಿಷಯದಲ್ಲಿ ಇನ್ನೂ ಬೇಗ. ಉಳಿದ ಉಂಡೆ ಸಿಹಿ ಡಬ್ಬಿ ಸೇರಿ ಮಗುವೊಂದು ತಿಂದಿದ್ದರಂತೂ ಲಕ್ಷಣ ಕಾಣುವವರೆಗೂ ತಡೆಯಬಾರದು, ಮಕ್ಕಳಿಗೆ ಮಂಪರು ಹೆಚ್ಚಿ ಉಸಿರೇ ನಿಧಾನವಾಗಬಹುದು. ಪೊಲೀಸ್ ಅಂತ ಹೆದರಿ ಆಸ್ಪತ್ರೆಯಲ್ಲಿ ‘ಏನೋ ಫುಡ್ ಪಾಯ್ಸನ್’ ಅನ್ನಬೇಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದದ್ದು ಅಂತ ನೇರ ಹೇಳಿ. ಉಂಡೆ ಉಳಿದಿದ್ದರೆ ಅದನ್ನೂ ಕಟ್ಟಿಕೊಂಡು ಹೋಗಿ.