ಸೇಬಿನ ಮೇಲೆ ಪೀನಟ್ ಬಟರ್ ನಿಲ್ಲಬೇಕು: ಎರಡು ವಾರದ ಟಿಪ್ಪಣಿ

ದಿನ 1

ಸಂಜೆ ನಾಲ್ಕೂವರೆಗೆ ಹೊಟ್ಟೆ ಚುರುಗುಟ್ಟುತ್ತದೆ. ಆಗ ಕೈ ಸೀದಾ ಬಿಸ್ಕತ್ ಡಬ್ಬಿಗೆ ಹೋಗುತ್ತದೆ. ಇದನ್ನು ಬಿಡಬೇಕು ಅಂತ ಈ ಪ್ರಯೋಗ. ಬೇಕಾಗಿದ್ದು ಇಷ್ಟೇ: ಐದು ನಿಮಿಷದಲ್ಲಿ ತಟ್ಟೆಗೆ ಬರಬೇಕು, ಸಕ್ಕರೆ ಹಾಕಬಾರದು, ರಾತ್ರಿ ಊಟದ ತನಕ ಹಸಿವು ತಡೆಯಬೇಕು.

ಬರೀ ಸೇಬು ತಿಂದು ನೋಡಿದೆ. ಒಂದು ಗಂಟೆಯೊಳಗೇ ಮತ್ತೆ ಹಸಿವು. ಸೇಬಿನಲ್ಲಿ ನೀರು, ನಾರು, ಸಿಹಿ ಇದೆ. ಪ್ರೋಟೀನ್, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಕಡಲೆಕಾಯಿಯಲ್ಲಿ ಅವೆರಡೂ ಧಾರಾಳ. 100 ಗ್ರಾಂ ಬೀಜಕ್ಕೆ ಸುಮಾರು 25 ಗ್ರಾಂ ಪ್ರೋಟೀನ್. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿದೆ, ಅಲ್ವಾ?

ದಿನ 2

ಪೀನಟ್ ಬಟರ್ ಮನೆಯಲ್ಲೇ ಮಾಡಿದೆ. 250 ಗ್ರಾಂ ಕಡಲೆಕಾಯಿ ಬೀಜ ಸಣ್ಣ ಉರಿಯಲ್ಲಿ ಹುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿದೆ. ಮೊದಲು ಪುಡಿ. ಆಮೇಲೆ ಉಂಡೆ ಉಂಡೆಯಾಗಿ ಜಾರಿನ ಗೋಡೆಗೆ ಮೆತ್ತಿಕೊಂಡಿತು. ಕೆರೆದು ಕೆಳಗೆ ತಳ್ಳಿ ಮತ್ತೆ ತಿರುಗಿಸಿದೆ. ಎಷ್ಟು ತಿರುಗಿಸಿದರೂ ಒಣಗಿದಂತೆಯೇ ಕಾಣುತ್ತಿತ್ತು. ತಾಳ್ಮೆಗೆಟ್ಟು ಒಂದು ಚಮಚ ನೀರು ಹಾಕಿಬಿಟ್ಟೆ. ಅಷ್ಟೇ, ಇಡೀ ಹಿಟ್ಟು ಗಟ್ಟಿ ಮುದ್ದೆಯಾಗಿ ನಿಂತಿತು.

ಪೀನಟ್ ಬಟರ್ ಅಂದರೆ ಎಣ್ಣೆಯಲ್ಲಿ ತೇಲುವ ನುಣ್ಣನೆಯ ಪುಡಿ. ನೀರು ಬಿದ್ದರೆ ಪುಡಿಯ ಕಣಗಳು ಅದನ್ನು ಹೀರಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ದಿನ 3

ಎರಡನೇ ಸಲ ನೀರು ಮುಟ್ಟಲಿಲ್ಲ. ಜಾರನ್ನೂ ಒರೆಸಿ ಪೂರ್ತಿ ಒಣಗಿಸಿಕೊಂಡೆ. ಒಂದು ನಿಮಿಷ ತಿರುಗಿಸುವುದು, ಮಿಕ್ಸಿಗೆ ಸ್ವಲ್ಪ ಬಿಡುವು ಕೊಡುವುದು, ಕೆರೆಯುವುದು. ಆರನೇ ಸುತ್ತಿಗೆ ಎಣ್ಣೆ ಬಿಟ್ಟುಕೊಂಡಿತು. ಮಂಕಾಗಿದ್ದ ಉಂಡೆ ಮಿನುಗತೊಡಗಿತು, ಚಮಚ ಎತ್ತಿದರೆ ದಪ್ಪ ಧಾರೆಯಾಗಿ ಇಳಿಯಿತು. ಚಿಟಿಕೆ ಉಪ್ಪು ಬಿಟ್ಟರೆ ಬೇರೇನೂ ಹಾಕಿಲ್ಲ. ಇಷ್ಟು ಘಮ ಬರುತ್ತದೆ ಅಂದುಕೊಂಡಿರಲಿಲ್ಲ.

ದಿನ 4

ಸೇಬನ್ನು ಅಡ್ಡ ಕೊಯ್ದು ಬಿಲ್ಲೆ ಮಾಡಿ ಮೇಲೆ ಸವರಿದೆ. ಬಿಲ್ಲೆ ಎತ್ತಿದರೆ ಸವರಿದ್ದೆಲ್ಲ ಹಾಳೆಯ ಹಾಗೆ ಒಟ್ಟಿಗೇ ಜಾರಿ ತಟ್ಟೆಗೆ ಬಿತ್ತು. ಜಾರಿದ ಜಾಗ ನೋಡಿದೆ. ಸೇಬಿನ ಮೈಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು. ಮತ್ತೆ ಅದೇ ನೀರು! ಎಣ್ಣೆ ಒದ್ದೆ ಜಾಗಕ್ಕೆ ಹಿಡಿಯುವುದಿಲ್ಲ.

ದಿನ 5

ಬಿಲ್ಲೆಗಳನ್ನು ಒಣ ಬಟ್ಟೆಯ ಮೇಲೆ ಹರಡಿ, ಎರಡೂ ಕಡೆ ಒತ್ತಿ ಒರೆಸಿದೆ. ಆಮೇಲೆ ಸವರಿದ್ದು ಗಟ್ಟಿಯಾಗಿ ನಿಂತಿತು. ಎರಡು ವಾರದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಬಿಲ್ಲೆ ಅರ್ಧ ಸೆಂಟಿಮೀಟರ್ ದಪ್ಪ ಇರಲಿ. ತೆಳುವಾದರೆ ಬಾಗುತ್ತದೆ.

ಮೊದಲೇ ಕೊಯ್ದಿಡುವುದಾದರೆ ಸೇಬು ಕಂದುತ್ತದೆ. ಕೊಯ್ದ ಜಾಗಕ್ಕೆ ಗಾಳಿ ತಾಗಿದಾಗ ಹಣ್ಣಿನೊಳಗಿನ ಒಂದು ಕಿಣ್ವ ಮಾಡುವ ಕೆಲಸ ಅದು. ಒಂದು ಕಪ್ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಐದಾರು ನಿಮಿಷ ನೆನೆಸಿ, ತೊಳೆದು ಒರೆಸಿದರೆ ಬಣ್ಣ ಉಳಿಯುತ್ತದೆ. ನಿಂಬೆರಸವೂ ಆಗುತ್ತದೆ, ಆದರೆ ಹುಳಿ ಮುಂದೆ ಬಂದು ಕಡಲೆಕಾಯಿ ರುಚಿ ಹಿಂದೆ ಬೀಳುತ್ತದೆ. ನನಗೆ ಉಪ್ಪುನೀರೇ ಇಷ್ಟ.

ದಿನ 8

ಅಳತೆ ನೋಡಿದೆ. ಒಂದು ದೊಡ್ಡ ಚಮಚ ಪೀನಟ್ ಬಟರ್, ಅಂದರೆ 16 ಗ್ರಾಂ, ಸುಮಾರು 95 ಕ್ಯಾಲೊರಿ. ಕಣ್ಣಂದಾಜಿನಲ್ಲಿ ಮೂರು ಚಮಚ ಹಾಕಿಕೊಳ್ಳುತ್ತಿದ್ದೆ. ಈಗ ಒಂದು ಸೇಬಿಗೆ ಎರಡು ಚಮಚ, ತಟ್ಟಿ ಸಮ ಮಾಡಿದ್ದು. ಎಂಟು ಗಂಟೆ ತನಕ ಹಸಿವಿನ ನೆನಪೇ ಇಲ್ಲ.

ದಿನ 11

ಬೇರೆ ಹಣ್ಣುಗಳ ಸರದಿ. ಬಾಳೆಹಣ್ಣು ಸುಲಭ, ಒರೆಸುವ ಕೆಲಸವೇ ಇಲ್ಲ. ಎರಡು ಬಿಲ್ಲೆ ನಡುವೆ ಪೀನಟ್ ಬಟರ್ ಇಟ್ಟು ಫ್ರೀಜರ್‌ನಲ್ಲಿ ಎರಡು ಗಂಟೆ ಇಟ್ಟರೆ ಐಸ್‌ಕ್ರೀಮ್ ತಿಂದ ಹಾಗೆ. ಕಲ್ಲಂಗಡಿ, ಕಿತ್ತಳೆ ಬೇಡವೇ ಬೇಡ, ಎಷ್ಟು ಒರೆಸಿದರೂ ನೀರು. ಖರ್ಜೂರ ನಿಜವಾಗಿ ಖುಷಿ ಕೊಟ್ಟಿತು. ಬೀಜ ತೆಗೆದ ಜಾಗಕ್ಕೆ ತುಂಬಿದರೆ ಸಾಕು, ಜಾರುವ ಮಾತೇ ಇಲ್ಲ. ಸಿಹಿ ಜಾಸ್ತಿ, ಎರಡೇ ತಿನ್ನುತ್ತೇನೆ.

ಇನ್ನೊಂದು ಮಾತು. ಬೇರೆಯವರಿಗೆ ಕೊಡುವ ಮುಂಚೆ ಕಡಲೆಕಾಯಿ ಅಲರ್ಜಿ ಇದೆಯಾ ಅಂತ ಕೇಳಲೇಬೇಕು. ಚಿಕ್ಕ ಮಕ್ಕಳಿಗೆ ಚಮಚದಲ್ಲಿ ಮುದ್ದೆಯಾಗಿ ಕೊಡಬಾರದು, ಗಂಟಲಿಗೆ ಅಂಟುತ್ತದೆ.

ದಿನ 14

ಬಾಟಲಿಯಲ್ಲಿ ಎಣ್ಣೆ ಮೇಲೆ ಬಂದು ನಿಂತಿತ್ತು. ಮುಚ್ಚಳ ಬಿಗಿ ಮಾಡಿ ರಾತ್ರಿ ತಲೆಕೆಳಗಾಗಿ ಇಟ್ಟೆ. ಬೆಳಿಗ್ಗೆ ಒಂದೆರಡು ಸಲ ಕಲಕಿದ್ದಕ್ಕೇ ಹದಕ್ಕೆ ಬಂತು. ಒದ್ದೆ ಚಮಚ ಮಾತ್ರ ಒಳಗೆ ಹೋಗಕೂಡದು. ಮುಂದಿನ ವಾರ ಬಾದಾಮಿ. ಅದು ಎಣ್ಣೆ ಬಿಡಲು ಇನ್ನೂ ಹೊತ್ತು ತಗೊಳ್ಳುತ್ತದೆ, ಹಾಗಾಗಿ ರಜೆಯ ದಿನ ಬೆಳಿಗ್ಗೆಯೇ ಶುರು ಮಾಡುತ್ತೇನೆ.