ಬಿಲ್ಲಿನಲ್ಲಿ ಇಲ್ಲದ ಕೋಣೆ

ಬೆಂಗಳೂರಿನಲ್ಲಿ ಮನೆಗಳಿಗೆ ಆಡಿಯೊ ಉಪಕರಣಗಳನ್ನು ಮಾರುವ, ಅಳವಡಿಸುವ ಕೆಲಸಕ್ಕೆ ಸೇರಿ ನನಗೆ ಹದಿನಾಲ್ಕು ವರ್ಷಗಳಾದವು. ಮೊದಲ ಆರು ವರ್ಷ ಒಂದು ಅಂಗಡಿಯಲ್ಲಿ ಮಾರಾಟಗಾರನಾಗಿದ್ದೆ. ಆಗ ಗ್ರಾಹಕರ ಕೋಣೆಯ ಬಗ್ಗೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಷ್ಟು ದೊಡ್ಡದು? ಅದರ ಮೇಲೆ ಸ್ಪೀಕರಿನ ಗಾತ್ರ ತೀರ್ಮಾನವಾಗುತ್ತಿತ್ತು. ಗೋಡೆ ಎಂಥದು, ನೆಲಕ್ಕೆ ಏನು ಹಾಸಿದ್ದಾರೆ, ಕುರ್ಚಿ ಎಲ್ಲಿದೆ ಎಂದು ಕೇಳಬೇಕೆಂದು ನನಗೆ ತೋಚಿರಲಿಲ್ಲ.

ಹೀಗೆ ಕೇಳದೇ ಇದ್ದುದರ ಬೆಲೆಯನ್ನು ತೆತ್ತವರು ಜಯನಗರದ ಒಬ್ಬ ನಿವೃತ್ತ ಅಧ್ಯಾಪಕರು. ನಾನು ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದೆ. ನಾಲ್ಕು ವರ್ಷಗಳಲ್ಲಿ ಅವರು ನನ್ನ ಕೈಯಿಂದಲೇ ಎರಡು ಆಂಪ್ಲಿಫೈಯರ್, ಒಂದು ಡ್ಯಾಕ್ (ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ಮತ್ತು ಮೂರು ಜೊತೆ ಕೇಬಲ್ ಕೊಂಡರು. ಪ್ರತಿಸಲವೂ ಅವರ ದೂರು ಒಂದೇ ಆಗಿತ್ತು: ತಬಲದ ಡಗ್ಗ ಗುಂಯ್ ಎಂದು ಹರಡಿಕೊಳ್ಳುತ್ತದೆ, ಭಾವಗೀತೆಯ ಪದಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳಿಸುತ್ತವೆ. ಪ್ರತಿಸಲವೂ ಹೊಸ ಉಪಕರಣ ಬಂದ ಎರಡು ಮೂರು ವಾರ ಸಮಾಧಾನವಿರುತ್ತಿತ್ತು, ಆಮೇಲೆ ಮತ್ತೆ ಫೋನ್ ಬರುತ್ತಿತ್ತು.

ಆ ಎರಡು ಮೂರು ವಾರಗಳ ಸಮಾಧಾನ ಎಲ್ಲಿಂದ ಬರುತ್ತದೆ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಹೊಸದನ್ನು ತಂದವರು ಕಿವಿಗೊಟ್ಟು ಕೂತು ಕೇಳುತ್ತಾರೆ, ಅದು ಒಂದು ಕಾರಣ. ಇನ್ನೊಂದು ಕಾರಣ ನಮ್ಮದೇ ಕೈಯದು: ತಂತಿ ಜೋಡಿಸುವಾಗ ನಾವು ಸ್ಪೀಕರನ್ನು ಎಳೆದು, ತಿರುಗಿಸಿ, ಅರ್ಧ ಅಡಿ ಆಚೀಚೆ ಇಟ್ಟಿರುತ್ತೇವೆ, ಆ ಅರ್ಧ ಅಡಿಯಿಂದ ಶಬ್ದ ನಿಜವಾಗಿಯೂ ಬದಲಾಗಿರುತ್ತದೆ. ಹೊಗಳಿಕೆ ಮಾತ್ರ ಆಂಪ್ಲಿಫೈಯರಿಗೆ ಹೋಗುತ್ತದೆ. ಮುಂದೆ ಮನೆಯವರು ಕಸ ಗುಡಿಸುವಾಗ ಸ್ಪೀಕರನ್ನು ಮತ್ತೆ ಗೋಡೆಗೆ ಒತ್ತುತ್ತಾರೆ, ಹಳೆಯ ಗುಂಯ್ ಹಿಂದಿರುಗುತ್ತದೆ, ಮತ್ತು ಗ್ರಾಹಕರ ಮನಸ್ಸು ಮುಂದಿನ ಉಪಕರಣದ ಕಡೆಗೆ ಹೊರಳುತ್ತದೆ.

ಶೋರೂಂ ಕೂಡ ಇದಕ್ಕೆ ಇಂಬು ಕೊಡುತ್ತದೆ. ನಮ್ಮ ಕೇಳುವ ಕೋಣೆಯಲ್ಲಿ ದಪ್ಪ ಕಾರ್ಪೆಟ್ ಇತ್ತು, ಗೋಡೆಗಳಿಗೆ ಬಟ್ಟೆ ಹೊದಿಸಿದ ಪ್ಯಾನೆಲ್‌ಗಳಿದ್ದವು, ಕುರ್ಚಿ ಹಿಂದಿನ ಗೋಡೆಯಿಂದ ದೂರವಿತ್ತು. ಅಲ್ಲಿ ಕೇಳಿ ಮೆಚ್ಚಿದ ಸ್ಪೀಕರನ್ನು ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಕಾಂಕ್ರೀಟ್ ತಾರಸಿ, ಗಾಜಿನ ಕಿಟಕಿಗಳ ಕೋಣೆಗೆ ತಂದಾಗ ಏನೋ ಕಳೆದುಹೋದಂತೆ ಅನ್ನಿಸುವುದು ಸಹಜ. ಗ್ರಾಹಕರ ಆ ಅತೃಪ್ತಿ ಭ್ರಮೆಯಲ್ಲ, ಅವರ ಕಿವಿ ಸರಿಯಾದ ದೋಷವನ್ನೇ ಹಿಡಿದಿರುತ್ತದೆ. ಆದರೆ ಕೋಣೆ ಯಾವ ಬಿಲ್ಲಿನಲ್ಲಿಯೂ ಇರುವುದಿಲ್ಲವಾದ್ದರಿಂದ ಅನುಮಾನ ಬಿಲ್ಲಿನಲ್ಲಿರುವ ವಸ್ತುಗಳ ಮೇಲೆಯೇ ಬೀಳುತ್ತದೆ.

ಅಂಗಡಿ ಬಿಟ್ಟು ಅಳವಡಿಕೆಯ ಕೆಲಸಕ್ಕೆ ಇಳಿದ ಮೇಲೆ, ಅಳೆಯುವ ಮೈಕ್ ಮತ್ತು ಲ್ಯಾಪ್‌ಟಾಪ್ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಬಾಗಿಲಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆ. ಎರಡು ಬೋಳು ಗೋಡೆಗಳ ನಡುವೆ ಅದು ಟರ್‌ರ್ ಎಂದು ಓಡಾಡಿ ನಿಂತಿತು. ಕೋಣೆ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ, ಮತ್ತು ಕುರ್ಚಿ ಸರಿಯಾಗಿ ನಟ್ಟನಡುವೆ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 12 ಅಡಿ ಎಂದರೆ 3.66 ಮೀಟರ್, ಅದರ ಎರಡರಷ್ಟರಿಂದ ಆ 343ನ್ನು ಭಾಗಿಸಿದರೆ ಸುಮಾರು 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ, ಸಿಗುತ್ತದೆ. ಆ ಸ್ವರದ ಅಲೆ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಯ ಬಳಿ ಜೋರು, ನಡುವೆ ಇಲ್ಲವೇ ಇಲ್ಲ ಎನ್ನುವಷ್ಟು ಕ್ಷೀಣ. ಅದರ ಇಮ್ಮಡಿಯಾದ 94 ಹರ್ಟ್ಸ್ ಅಲೆಗೆ ಮಾತ್ರ ನಡುಭಾಗವೂ ಜೋರಾದ ಜಾಗವೇ. ಉದ್ದ ಅಗಲ ಎರಡೂ ಒಂದೇ ಆಗಿದ್ದರಿಂದ ಎರಡು ದಿಕ್ಕಿನ ಅಲೆಗಳೂ ಒಂದೇ ಸ್ವರಗಳಲ್ಲಿ ಗುಂಪುಗೂಡಿದ್ದವು. ಅಳತೆಯ ಗೆರೆಯಲ್ಲಿ, ಲ್ಯಾಪ್‌ಟಾಪ್ ಪರದೆಯ ಮೇಲೆ, 47ರ ಸುತ್ತ ಆಳವಾದ ಗುಂಡಿ, 94ರ ಸುತ್ತ ದಿಬ್ಬ ಕಂಡಿತು. ಮೇಷ್ಟ್ರು ನಾಲ್ಕು ವರ್ಷಗಳಿಂದ ಹೇಳುತ್ತಿದ್ದುದನ್ನೇ ಆ ಗೆರೆಯೂ ಹೇಳುತ್ತಿತ್ತು. ಇದನ್ನು ಯಾವ ಕೇಬಲ್ಲೂ ಸರಿಪಡಿಸಲಾರದು.

ಪದಗಳು ಅಂಟಿಕೊಳ್ಳುವುದರ ಕಾರಣ ಬೇರೆ. ಆ ಕೋಣೆಯಲ್ಲಿ ಅನುರಣನ, ಅಂದರೆ ಶಬ್ದ ನಿಂತ ಮೇಲೂ ಅದರ ಮೊಳಗು ಆರಲು ಹಿಡಿಯುವ ಕಾಲ, ಸುಮಾರು 1.1 ಸೆಕೆಂಡ್ ಇತ್ತು, ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯನ್ನು ಮುಚ್ಚುತ್ತಿತ್ತು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ತಿಳಿಯದಿದ್ದಾಗ, ವ್ಯಾಲೆಸ್ ಸಬೈನ್ ಎಂಬ ಭೌತಶಾಸ್ತ್ರದ ಅಧ್ಯಾಪಕರು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಶಬ್ದ ಆರುವ ಕಾಲವನ್ನು ಅಳೆದಿದ್ದರು. ಅವರ ಸೂತ್ರದ ಪ್ರಕಾರ ಈ 41 ಘನ ಮೀಟರಿನ ಕೋಣೆಯಲ್ಲಿ ಅನುರಣನವನ್ನು 0.4 ಸೆಕೆಂಡಿಗೆ ಇಳಿಸಲು ಇನ್ನೂ ಸುಮಾರು 10 ಚದರ ಮೀಟರಿನಷ್ಟು ಶಬ್ದ ಹೀರುವ ಮೈ ಬೇಕಿತ್ತು.

ನಾನೂ ಹಾಸಿಗೆಗಳನ್ನೇ ಕೇಳಿದೆ. ಪಕ್ಕದ ಕೋಣೆಯಿಂದ ಎರಡು ಹತ್ತಿ ಹಾಸಿಗೆ ತಂದು, ಸ್ಪೀಕರಿನ ಶಬ್ದ ಬಡಿದು ಕಿವಿಗೆ ಬರುವ ಜಾಗದಲ್ಲಿ ಎಡ ಬಲ ಗೋಡೆಗಳಿಗೆ ಒರಗಿಸಿದೆವು. ಕುರ್ಚಿಯನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿದೆ. ಅವರು ಸದಾ ಪರೀಕ್ಷೆಗೆ ಹಾಕುತ್ತಿದ್ದ ಭಾವಗೀತೆಯನ್ನೇ ಹಾಕಿದರು. ಮೊದಲ ಚರಣ ಮುಗಿಯುವ ಮೊದಲೇ ನಿಲ್ಲಿಸಿ, “ಹಾಸಿಗೆ ತೆಗೀರಿ” ಎಂದರು. ತೆಗೆದೆವು, ಕೇಳಿದರು. “ಮತ್ತೆ ಇಡಿ” ಎಂದರು. ಹೀಗೆ ಮೂರು ಸಲ ಆಯಿತು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, “ಅಲ್ಲಪ್ಪ, ಆ ಸಾಲಲ್ಲಿ ಒತ್ತಕ್ಷರ ಇದೆ ಅಂತ ನನಗೆ ಪುಸ್ತಕ ನೋಡಿ ಗೊತ್ತಿತ್ತು, ಕಿವಿಗೆ ಬಿದ್ದಿದ್ದು ಇವತ್ತೇ” ಎಂದರು. ನಾನು ಅವರಿಗೆ ಮಾರಿದ ಎರಡನೆಯ ಆಂಪ್ಲಿಫೈಯರ್ ಎದುರಿಗೇ ಇತ್ತು. ಅದರ ಕಡೆ ನೋಡಲು ನನಗೆ ಕಷ್ಟವಾಯಿತು. ಅದನ್ನು ಕೊಡಿಸಿದ್ದು ತಪ್ಪಾಯಿತೆಂದು ಅವರಿಗೆ ಹೇಳಿದೆ.

ಮುಂದಿನ ತಿಂಗಳು ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರು) ತುಂಬಿದ ನಾಲ್ಕು ಇಂಚು ದಪ್ಪದ, 4 ಅಡಿ × 2 ಅಡಿಯ ಎಂಟು ಪ್ಯಾನೆಲ್ ಮಾಡಿಸಿ ಹಾಕಿದೆವು, ಮೂಲೆಗಳಿಗೆ ಇನ್ನೂ ದಪ್ಪನೆಯವು. ನೆಲಕ್ಕೆ ಜಮಖಾನ ಬಂತು, ಹಾಲಿನಲ್ಲಿದ್ದ ಪುಸ್ತಕದ ಕಪಾಟು ಹಿಂದಿನ ಗೋಡೆಗೆ ಬಂತು. ಮೊಟ್ಟೆಯ ಟ್ರೇ, ತೆಳು ಫೋಮ್ ಅಂಟಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅವು ಮೇಲಿನ ಸ್ವರಗಳನ್ನಷ್ಟೇ ಮಂಕು ಮಾಡಿ, ಗುಂಯ್ ಎನ್ನುವುದನ್ನು ಹಾಗೆಯೇ ಉಳಿಸುತ್ತವೆ. 47 ಹರ್ಟ್ಸ್ ಅಲೆಯ ಉದ್ದ ಏಳು ಮೀಟರಿಗೂ ಹೆಚ್ಚು, ಒಂದಿಂಚಿನ ಫೋಮ್ ಅದಕ್ಕೆ ಇದ್ದೂ ಇಲ್ಲದಂತೆ. ನಮ್ಮ ಪ್ಯಾನೆಲ್‌ಗಳೂ ಅಷ್ಟು ಕೆಳಗೆ ಹೆಚ್ಚೇನೂ ಮಾಡಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಕುರ್ಚಿಯ ಜಾಗ.

ಆಮೇಲಿನ ಐದು ವರ್ಷಗಳಲ್ಲಿ ಮೇಷ್ಟ್ರು ಉಪಕರಣ ಬದಲಿಸಿದ್ದು ಒಂದೇ ಸಲ. ಕೋಣೆ ತಿಳಿಯಾದ ಮೇಲೆ ಅವರ ಚಿಕ್ಕ ಸ್ಪೀಕರುಗಳಿಗೆ ತಂಬೂರಿಯ ಕೆಳಷಡ್ಜದ ತುಂಬುನಾದ ಎಟುಕುತ್ತಿಲ್ಲವೆಂದು ಸ್ಪಷ್ಟವಾಗಿ ಕೇಳಿಸಿತು, ದೊಡ್ಡವನ್ನು ತಂದರು. ಒಳ್ಳೆಯ ಕೋಣೆ ಬಯಕೆಯನ್ನು ಪೂರ್ತಿ ಅಳಿಸುತ್ತದೆ ಎಂದು ನಾನು ಹೇಳಲಾರೆ. ಏನು ಕೊರತೆಯಾಗಿದೆ ಎಂದು ಅದು ತೋರಿಸಿಕೊಡುತ್ತದೆ, ಹಾಗಾಗಿ ಕತ್ತಲಲ್ಲಿ ತಡಕಾಡುವ ಖರೀದಿ ನಿಲ್ಲುತ್ತದೆ. ನನ್ನ ವರಮಾನದಲ್ಲಿ ಇದರಿಂದ ಸ್ವಲ್ಪ ಕಡಿತವಾಗಿದೆ, ಆದರೂ ಈಗ ಕೋಣೆಯನ್ನು ಅಳೆಯದೆ ಯಾರಿಗೂ ಏನನ್ನೂ ಕೊಡಿಸುವುದಿಲ್ಲ.

ಕಳೆದ ತಿಂಗಳು ಅವರು ಫೋನ್ ಮಾಡಿ, ಮಗನ ಹೊಸ ಫ್ಲ್ಯಾಟಿಗೆ ಹೋಗುತ್ತಿರುವುದಾಗಿ ತಿಳಿಸಿ, ಸಾಮಾನು ಸಾಗಿಸುವ ಮೊದಲೇ ಬಂದು ನೋಡಬೇಕೆಂದು ಕೇಳಿಕೊಂಡರು. ಖಾಲಿ ಮನೆಯಲ್ಲಿ ಅವರು ಮುಂದೆ, ನಾನು ಹಿಂದೆ, ಕೋಣೆಯಿಂದ ಕೋಣೆಗೆ ಚಪ್ಪಾಳೆ ತಟ್ಟುತ್ತ ಹೋದೆವು. ಚೌಕವಾಗಿದ್ದ ದೊಡ್ಡ ಕೋಣೆಯನ್ನು ಮಗ ಅವರಿಗೆಂದೇ ಬಿಟ್ಟಿದ್ದರು. ಮೇಷ್ಟ್ರು ಟೇಪು ಹಿಡಿದು ಅಳೆದು, ಆ ಕೋಣೆಯನ್ನು ಮೊಮ್ಮಗಳಿಗೆ ಕೊಟ್ಟು, 14 ಅಡಿಗೆ 11 ಅಡಿಯ ಚಿಕ್ಕ ಕೋಣೆಯನ್ನು ತಮಗೆ ಇಟ್ಟುಕೊಂಡರು.