ಇಸ್ತಾಂಬುಲಿನ ಕೊನೆಯ ದಿನ ಎದ್ದ ಗಾಳಿ

ಡಿಸೆಂಬರಿನ ಇಸ್ತಾಂಬುಲ್ ಛಾಯಾಗ್ರಾಹಕರಿಗೆ ಒಂದು ವಿಷಯದಲ್ಲಿ ಉಪಕಾರಿ. 2016ರಿಂದ ತುರ್ಕಿ ದೇಶವು ವರ್ಷವಿಡೀ ಬೇಸಿಗೆಯ ವೇಳೆಯನ್ನೇ ಉಳಿಸಿಕೊಂಡಿರುವುದರಿಂದ, ಚಳಿಗಾಲದಲ್ಲಿ ಅಲ್ಲಿ ಸೂರ್ಯ ಮೂಡುವುದೇ ಬೆಳಗಿನ ಎಂಟು ಗಂಟೆ ಕಳೆದ ಮೇಲೆ. ಹೀಗಾಗಿ ಊರು ಬಿಡುವ ದಿನವೂ ನಾನು ನಿಧಾನವಾಗಿ ಎದ್ದೆ. ವಿಮಾನ ಹೊರಡುವುದು ತಡರಾತ್ರಿಯಲ್ಲಿತ್ತು. ಅದುವರೆಗೆ ತೆಗೆದ ಚಿತ್ರಗಳೆಲ್ಲ ಎರಡು ಹಾರ್ಡ್ ಡಿಸ್ಕುಗಳಿಗೆ ಇಳಿದಿದ್ದವು. ಒಂದು ಚೀಲದಲ್ಲಿತ್ತು, ಚೀಲ ಕಳೆದರೂ ಇರಲಿ ಎಂದು ಇನ್ನೊಂದನ್ನು ಕೋಟಿನ ಒಳಜೇಬಿಗೆ ಸೇರಿಸಿದ್ದೆ.

ಪರದೇಶದ ಕೊನೆಯ ದಿನವನ್ನು ಅನೇಕ ಛಾಯಾಗ್ರಾಹಕರು ವಿಶ್ರಾಂತಿಗೆ ಮೀಸಲಿಡುತ್ತಾರೆ. ನನ್ನ ಪಾಲಿಗೆ ಅದು ಬಾಕಿ ತೀರಿಸುವ ದಿನ. ಹಿಂದಿನ ರಾತ್ರಿ ಚಿತ್ರಗಳನ್ನೆಲ್ಲ ಸಾಲಾಗಿ ನೋಡಿ, ಸರಣಿಯಲ್ಲಿ ಯಾವುದಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳುತ್ತೇನೆ. ಆ ಸಲ ಮಸೀದಿಗಳಿದ್ದವು, ಮಾರುಕಟ್ಟೆಯಿತ್ತು, ಗಲಾಟಾ ಸೇತುವೆಯ ಮೇಲೆ ಗಾಳ ಹಾಕಿ ನಿಂತವರೂ ಇದ್ದರು. ಸಂಜೆಯ ಹಡಗು ಮಾತ್ರ ಇರಲಿಲ್ಲ. ಬೋಸ್ಫರಸ್ ಜಲಸಂಧಿಯ ಏಷ್ಯಾ ದಡದಿಂದ ಯುರೋಪ್ ದಡಕ್ಕೆ ಮರಳುವ ಹಡಗು ಸಂಜೆ ಪಡುವಣಕ್ಕೆ ಮುಖ ಮಾಡಿ ಸಾಗುವುದರಿಂದ, ಡೆಕ್ಕಿನ ಮೇಲೆ ಕುಳಿತ ಪ್ರಯಾಣಿಕರೆಲ್ಲ ಇಳಿಬಿಸಿಲಿಗೆ ಎದುರಾಗಿರುತ್ತಾರೆ. ಆ ಊರಿನವರಿಗೆ ಹಡಗೆಂದರೆ ದಿನನಿತ್ಯದ ಬಸ್ಸಿದ್ದಂತೆ. ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತ, ಎಳ್ಳು ಮೆತ್ತಿದ ಸಿಮಿತ್ ರೊಟ್ಟಿಯ ಚೂರುಗಳನ್ನು ಕಡಲಕ್ಕಿಗಳಿಗೆ ಎಸೆಯುತ್ತ ದಾಟಿಬಿಡುತ್ತಾರೆ.

ಈ ಹಡಗುಗಳನ್ನು ಯಾರು ಚಿತ್ರಿಸಿದರೂ ಅರಾ ಗುಲೆರ್ ನೆರಳು ಬಿದ್ದೇ ಬೀಳುತ್ತದೆ. 1928ರಲ್ಲಿ ಇದೇ ನಗರದಲ್ಲಿ ಹುಟ್ಟಿ 2018ರಲ್ಲಿ ಇಲ್ಲೇ ತೀರಿಕೊಂಡ ಅವರು 1950 ಮತ್ತು 60ರ ದಶಕಗಳ ಇಸ್ತಾಂಬುಲನ್ನು ಕಪ್ಪು ಬಿಳುಪಿನಲ್ಲಿ ಹಿಡಿದಿಟ್ಟರು. ತಾವು ಕಲಾವಿದರಲ್ಲ, ಪತ್ರಿಕಾ ಛಾಯಾಗ್ರಾಹಕರು ಎಂದೇ ಅವರು ಹೇಳಿಕೊಳ್ಳುತ್ತಿದ್ದರು. ಹೊಗೆ, ಮಂಜು, ಹಡಗುಕಟ್ಟೆಯಲ್ಲಿ ಕಾಯುವ ಜನ, ಇವೆಲ್ಲ ಅವರ ಚಿತ್ರಗಳಲ್ಲಿ ಎಷ್ಟು ತುಂಬಿವೆಯೆಂದರೆ ನಮ್ಮಂಥ ಹೊರಗಿನವರು ತೆಗೆದದ್ದು ಅವುಗಳ ನಕಲಾಗುವ ಸಂಭವವೇ ಹೆಚ್ಚು. ಗೊತ್ತಿದ್ದೂ ನನಗೆ ಹಡಗು ಬೇಕಿತ್ತು; ಆಸೆಗೆ ತರ್ಕ ಕಟ್ಟಿಕೊಂಡು ಏನಾಗಬೇಕು?

ಮಧ್ಯಾಹ್ನ ಯುರೋಪ್ ದಡದ ಎಮಿನೊನುವಿನ ಹಡಗುಕಟ್ಟೆಗೆ ಹೋದರೆ ಬಾಗಿಲು ಮುಚ್ಚಿತ್ತು, ಫಲಕದಲ್ಲಿ ಸಾಲಿಗೆ ಸಾಲು ‘ಇಪ್ತಾಲ್’, ಎಂದರೆ ರದ್ದು, ಎಂದು ಮಿನುಗುತ್ತಿತ್ತು. ಲೋದೋಸ್ ಎದ್ದಿತ್ತು. ಮರ್ಮರಾ ಸಮುದ್ರದ ಕಡೆಯಿಂದ, ನೈಋತ್ಯ ದಿಕ್ಕಿನಿಂದ ಬೀಸುವ ಬಿರುಸಾದ ಗಾಳಿಗೆ ಆ ಹೆಸರು. ಚಳಿಗಾಲದಲ್ಲೂ ಅದು ಬೆಚ್ಚಗಿರುತ್ತದೆ. ಆದರೆ ಅಲೆಗಳನ್ನು ದಡದ ಮೇಲೆ ಎತ್ತಿ ಹಾಕುವಷ್ಟು ಜೋರಾದಾಗ ಹಡಗು ಸಂಚಾರ ನಿಂತುಹೋಗುತ್ತದೆ.

ಉಳಿದದ್ದು ಮರ್ಮರಾಯ್ ರೈಲು. 2013ರ ಅಕ್ಟೋಬರ್ 29ರಂದು ಆರಂಭವಾದ ಇದರ ಸುರಂಗವು ಬೋಸ್ಫರಸ್ಸಿನ ತಳದಲ್ಲಿ ಸುಮಾರು 60 ಮೀಟರ್ ಆಳದವರೆಗೆ ಇಳಿಯುತ್ತದೆ, ಸುಮಾರು 1.4 ಕಿಲೋಮೀಟರ್ ಉದ್ದದ ಭಾಗವನ್ನು ಕೊಳವೆಯ ತುಂಡುಗಳಾಗಿ ಮುಳುಗಿಸಿ ಜೋಡಿಸಲಾಗಿದೆ. ಇದಕ್ಕಾಗಿ ಯೆನಿಕಾಪಿಯಲ್ಲಿ ಅಗೆಯುವಾಗ ಬೈಜಾಂಟಿನ್ ಕಾಲದ ಬಂದರೊಂದು, ಅದರೊಳಗೆ 37 ಹಡಗುಗಳ ಅವಶೇಷ ಸಿಕ್ಕಿದ್ದವು. ಹಡಗಿನ ಚಿತ್ರ ಹುಡುಕಿ ಹೊರಟವನು ಆ ಹಡಗುಗಳನ್ನು ಎಬ್ಬಿಸಿದ ಹಾದಿಯಲ್ಲಿ ಸಾಗುತ್ತಿದ್ದೇನಲ್ಲ ಎಂದು ನಗು ಬಂತು. ಸಿರ್ಕೆಜಿಯಲ್ಲಿ ಎಸ್ಕಲೇಟರುಗಳ ಮೇಲೆ ಎಸ್ಕಲೇಟರ್ ಇಳಿದು ರೈಲು ಹತ್ತಿದರೆ, ಕಪ್ಪು ಕಿಟಕಿಯಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೆಲವೇ ನಿಮಿಷಗಳಲ್ಲಿ ಏಷ್ಯಾ ದಡದ ಉಸ್ಕುದಾರ್ ಬಂದುಬಿಟ್ಟಿತು.

ಅಲ್ಲಿಂದ ಸಲಾಜಕ್ ದಡಕ್ಕೆ ನಡೆದೆ. ಡಿಸೆಂಬರಿನಲ್ಲಿ ಅಲ್ಲಿ ನಿಂತವರಿಗೆ ಸೂರ್ಯ ಮುಳುಗುವುದು 537ರಲ್ಲಿ ಕಟ್ಟಿ ಮುಗಿಸಿದ ಹಾಗಿಯಾ ಸೋಫಿಯಾದ ಗುಮ್ಮಟದ ಹೆಚ್ಚುಕಡಿಮೆ ಹಿಂದೆಯೇ. ನೀರಿನ ನಡುವೆ ಊರಿನ ಗುರುತೇ ಆಗಿರುವ ಕನ್ಯೆಯ ಗೋಪುರವಿದೆ. ಬೇರೆ ದಿನವಾಗಿದ್ದರೆ ಟ್ರೈಪಾಡುಗಳ ಕಾಡೇ ಇರಬೇಕಾದ ಜಾಗ ಖಾಲಿ ಹೊಡೆಯುತ್ತಿತ್ತು. ಅಲೆಗಳು ಕಲ್ಲಿಗೆ ಅಪ್ಪಳಿಸಿ ರಸ್ತೆಯವರೆಗೂ ಹಾರುತ್ತಿದ್ದವು. ಲೆನ್ಸಿನ ಮುಂದಿನ ಗಾಜಿಗೆ ಉಪ್ಪುನೀರಿನ ಹನಿ ಸಿಡಿದು, ಒಣಗಿ, ಬಿಳಿ ಚುಕ್ಕೆಯಾಗುತ್ತಿತ್ತು. ಅದನ್ನು ಒಣಬಟ್ಟೆಯಿಂದ ಉಜ್ಜಿದರೆ ಹರಳು ಗಾಜನ್ನು ಗೀರಬಹುದು. ಮೊದಲು ಸಿಹಿನೀರಿನಲ್ಲಿ ಅದ್ದಿದ ಬಟ್ಟೆ, ಆಮೇಲೆ ಒಣಬಟ್ಟೆ. ಹೀಗೆ ನಾಲ್ಕು ಚಿತ್ರ ತೆಗೆಯುವುದು, ಒರೆಸುವುದು, ಮತ್ತೆ ಗೋಡೆಗೊರಗಿ ನಿಲ್ಲುವುದು.

ದಡದ ಚಹಾ ಅಂಗಡಿಯಾತ ಪ್ಲಾಸ್ಟಿಕ್ ಸ್ಟೂಲುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಆ ಗೋಪುರಗಳನ್ನು ಹಗ್ಗದಿಂದ ದೀಪದ ಕಂಬಕ್ಕೆ ಬಿಗಿಯುತ್ತಿದ್ದ. ಅರವತ್ತರ ಆಸುಪಾಸಿನ ಮನುಷ್ಯ. ನೆನೆದ ನೈಲಾನ್ ಹಗ್ಗ ಗಂಟು ಹಿಡಿಯದೆ ಜಾರಿದಾಗಲೆಲ್ಲ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈ ಹೆಬ್ಬೆರಳಿನಿಂದ ಗಂಟನ್ನು ಒತ್ತಿ ಹಿಡಿದು, ಬಲಗೈಯಿಂದ ಎಳೆಯುತ್ತಿದ್ದ. ಕ್ಯಾಮೆರಾ ಎತ್ತಿ ತೋರಿಸಿದೆ, ತಲೆಯಾಡಿಸಿದ. ಹತ್ತಿರ ಹೋಗಿ ಹಗ್ಗ, ಹಲ್ಲು, ಹೆಬ್ಬೆರಳು ಇಷ್ಟೇ ತುಂಬುವಂತೆ ತೆಗೆದೆ. ಹಿನ್ನೆಲೆಯಲ್ಲಿ ಬರೀ ಬೂದುಬಣ್ಣದ ನೀರಿತ್ತು.

ಪರದೆಯಲ್ಲಿ ಅದನ್ನು ತೋರಿಸಿದಾಗ ಆತನಿಗೆ ಒಪ್ಪಿಗೆಯಾಗಲಿಲ್ಲ. ನೀರಿನ ಕಡೆ ಕೈ ಚಾಚಿ ಗೋಪುರವನ್ನು ತೋರಿಸಿ, ಚಿತ್ರದಲ್ಲಿ ಅದೆಲ್ಲಿ ಎಂದು ಬೆರಳು ಆಡಿಸಿದ. ಬಳಿಕ ನನ್ನ ಎರಡೂ ಭುಜ ಹಿಡಿದು ನಾಲ್ಕು ಹೆಜ್ಜೆ ಎಡಕ್ಕೆ ಸರಿಸಿ ನಿಲ್ಲಿಸಿ, ತಾನು ಸ್ಟೂಲುಗಳ ಪಕ್ಕ ಎದೆ ಸೆಟೆಸಿ ನಿಂತು, ಹಗ್ಗವನ್ನು ಬಾವುಟದಂತೆ ಎತ್ತಿ ಹಿಡಿದ. ನಾನು ತೆಗೆದೆ. ಈ ಸಲ ಹೆಬ್ಬೆರಳೆತ್ತಿ ನಕ್ಕು, ಒಳಗಿನಿಂದ ಚಹಾ ತಂದುಕೊಟ್ಟ. ದುಡ್ಡು ಕೊಡಹೋದರೆ ಕೈ ತಳ್ಳಿದ.

ಸೂರ್ಯ ಮೋಡದೊಳಗೇ ಮುಳುಗಿದ್ದರಿಂದ ಗುಮ್ಮಟದ ಹಿಂದಿನ ಚಿನ್ನದ ಬಣ್ಣ ಬರಲೇ ಇಲ್ಲ. ಮತ್ತೆ ಅದೇ ರೈಲು, ಯುರೋಪ್ ದಡದ ದೂರದ ವಿಮಾನ ನಿಲ್ದಾಣ, ಬ್ಯಾಟರಿಗಳನ್ನೆಲ್ಲ ಕೈಚೀಲಕ್ಕೆ ವರ್ಗಾಯಿಸುವ ಗಡಿಬಿಡಿ.

ಸರಣಿಯನ್ನು ಪತ್ರಿಕೆಯೊಂದಕ್ಕೆ ಕಳಿಸುವಾಗ ಹಗ್ಗ ಮತ್ತು ಹಲ್ಲಿನ ಚಿತ್ರವನ್ನು ಕೊನೆಯಲ್ಲಿಟ್ಟು, ಚಹಾದಾತನ ಮೇಲಿನ ಗೌರವಕ್ಕೆ ಇನ್ನೊಂದನ್ನೂ ಸೇರಿಸಿದ್ದೆ. ಚಿತ್ರ ಸಂಪಾದಕರು ಆರಿಸಿದ್ದು ಆತ ನಿಲ್ಲಿಸಿ ತೆಗೆಸಿದ್ದನ್ನೇ; ಯಾವ ಊರಿನ ಗಾಳಿ ಎಂದು ಓದುಗರಿಗೆ ತಿಳಿಯುವುದು ಅದರಿಂದಲೇ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೂ ಒಳ್ಳೆಯ ಚಿತ್ರ ಮೊದಲನೆಯದೇ ಎಂದು ನಾನು ಅವರೊಂದಿಗೆ ಈಗಲೂ ಜಗಳ ಆಡುತ್ತೇನೆ.